ಬೀಗದವನ ಬಾಡಿಗೆ ಮನೆ

ಅವನನ್ನು ಎಲ್ಲರೂ ಕಿಡಿ ಎಂದೇ ಕರೆಯುತ್ತಿದ್ದರು. ಕೀ ಕೊರೆಯುವ ಮಷಿನ್ನಿನಿಂದ ದಿನವಿಡೀ ಕಿಡಿ ಹಾರುತ್ತದಲ್ಲ, ಅದಕ್ಕೆ ಆ ಹೆಸರು ಬಂತು ಎಂದು ಅವನು ಹೇಳಿಕೊಳ್ಳುತ್ತಿದ್ದ. ಅವನ ಅಕ್ಕನನ್ನು ಕೇಳಿದರೆ, ಮಷಿನ್ ಬರುವುದಕ್ಕೆ ಮುಂಚೆ ಬರೀ ಅರ ಹಿಡಿದು ಉಜ್ಜುತ್ತಿದ್ದ ಕಾಲದಿಂದಲೂ ಇವನು ಕಿಡಿಯೇ ಎನ್ನುತ್ತಿದ್ದಳು. ಏಳನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ಬೀರುವಿನ ಕೀ ಕಳೆದುಕೊಂಡು ತಲೆ ಕೆರೆದುಕೊಳ್ಳುತ್ತಿದ್ದರು. ಇವನು ಒಂದು ಹೇರ್‌ಪಿನ್ನು ತೂರಿಸಿ ತೆಗೆದುಕೊಟ್ಟ. ಶಭಾಸ್ ಎನ್ನುವ ಬದಲು ಮೇಷ್ಟ್ರು ಕಪಾಳಕ್ಕೆ ಬಿಟ್ಟರು, ಇನ್ನೇನೇನು ತೆಗೆದಿದ್ದೀಯೋ ಕಳ್ಳ ಎಂದು. ಇವನು ಬೀರುವಿಗೆ ಮತ್ತೆ ಬೀಗ ಹಾಕಿ, ಹೇರ್‌ಪಿನ್ನು ಜೇಬಿಗಿಳಿಸಿ, ಶಾಲೆಯಿಂದ ಹೊರಗೆ ನಡೆದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಈಗ ಅಕ್ಕ ತಮ್ಮ ಇಬ್ಬರದೂ ಒಂದೇ ಅಂಗಡಿ. ಎಡಗಡೆ ಅಕ್ಕನ ಹೊಲಿಗೆ ಮಷಿನ್, ಬಲಗಡೆ ಇವನ ಕೀ ಮಷಿನ್, ಹಿಂದೆ ಇಬ್ಬರೂ ಮಲಗುವ ಒಂದು ಕೋಣೆ. ಹನ್ನೊಂದು ವರ್ಷ ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟು, ಉಳಿದದ್ದಕ್ಕೆ ಸಾಲ ಮಾಡಿ, ಎರಡು ಬೀದಿ ಆಚೆ ಮೂರನೇ ಮಹಡಿಯಲ್ಲಿ ಒಂದು ಫ್ಲ್ಯಾಟ್ ಕೊಂಡರು. ಎರಡು ಕೋಣೆ, ಅಡುಗೆಮನೆ, ಒಂದು ಕುರ್ಚಿ ಹಾಕಿದರೆ ಮುಗಿದುಹೋಗುವಷ್ಟು ಬಾಲ್ಕನಿ. ಸಾಲ ತೀರುವ ತನಕ ಬಾಡಿಗೆಗೆ ಕೊಡುವುದು, ಆಮೇಲೆ ನಾವು ಹೋಗುವುದು ಎಂದು ಅಕ್ಕ ತೀರ್ಮಾನಿಸಿದಳು.

ಹೀಗೆ ಕಿಡಿ ಮನೆ ಓನರ್ ಆದ. ಆದ ದಿನವೇ ಅವನಿಗೆ ಊಟ ಸೇರಲಿಲ್ಲ.

ಯಾಕೆಂದರೆ ಅವನಿಗೆ ಲೋಕದಲ್ಲಿ ಯಾರನ್ನಾದರೂ ಕಂಡರೆ ಆಗದಿದ್ದರೆ ಅದು ಮನೆ ಓನರುಗಳನ್ನು. ಅವನಿಗೆ ಹತ್ತು ವರ್ಷವಿದ್ದಾಗ ಅಮ್ಮ, ಅಕ್ಕ, ಅವನು, ಮೂವರೂ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದರು. ಓನರ್ ಹತ್ತಿರ ಇನ್ನೊಂದು ಕೀ ಇತ್ತು. ಹೊತ್ತಿಲ್ಲ ಗೊತ್ತಿಲ್ಲ, ಬಾಗಿಲು ತೆಗೆದುಕೊಂಡು ಒಳಗೆ ಬಂದುಬಿಡುತ್ತಿದ್ದ. ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಿದ್ದ. ಎಷ್ಟು ಜನ ಮಲಗಿದ್ದಾರೆ ಎಂದು ಎಣಿಸುತ್ತಿದ್ದ. ಅಮ್ಮ ಸ್ನಾನಕ್ಕೆ ಹೋಗುವ ಮುಂಚೆ ಟ್ರಂಕನ್ನು ಎಳೆದುಕೊಂಡು ಬಂದು ಬಾಗಿಲಿಗೆ ಒತ್ತಿ, ಮೇಲೆ ಇವನನ್ನು ಕೂರಿಸುತ್ತಿದ್ದಳು. ಕೇಳಿದರೆ ಅವನದು ಒಂದೇ ಮಾತು: "ನನ್ನ ಮನೆ, ನಾನು ಬರ್ತೀನಿ." ಕಿಡಿ ಬೀಗದ ಕೆಲಸ ಕಲಿತದ್ದೇ ಆ ಸಿಟ್ಟಿಗೆ.

"ನಾನು ಅಂಥ ಓನರ್ ಆಗಲ್ಲ," ಎಂದ ಅಕ್ಕನಿಗೆ, ಕೀ ಉಜ್ಜುತ್ತಾ.

"ಮೊದಲು ಓನರ್ ಥರ ಕಾಣೋದು ಕಲಿ," ಎಂದಳು ಅಕ್ಕ ಗುಂಡಿ ಹಚ್ಚುತ್ತಾ. "ಆ ಕೈ ನೋಡ್ಕೋ. ಗ್ರೀಸ್ ಡಬ್ಬಿಯಲ್ಲಿ ಹುಟ್ಟಿದವನ ಹಾಗಿದೆ."

ಅಕ್ಕ ಹೇಳಿದ್ದು ಸುಳ್ಳಾಗಲಿಲ್ಲ. ಮನೆ ನೋಡಲು ಮೊದಲು ಬಂದವನು ಇಸ್ತ್ರಿ ಮಾಡಿದ ಶರಟಿನ ಮನುಷ್ಯ. ಕಿಡಿ ಫ್ಲ್ಯಾಟಿನ ಬಾಗಿಲ ಹತ್ತಿರ ಕೂತು ಅದರ ಕೀಲುಗಳಿಗೆ ಎಣ್ಣೆ ಬಿಡುತ್ತಿದ್ದ. ಬಂದವನು ಅವನ ತಲೆಯ ಮೇಲಿಂದಲೇ ಒಳಗೆ ಇಣುಕಿ, "ಏಯ್, ಓನರ್ ಎಲ್ಲಿ? ದೊಡ್ಡವರನ್ನ ಕರಿ," ಎಂದ.

"ದೊಡ್ಡವರು ತೀರಿಕೊಂಡ್ರು," ಎಂದ ಕಿಡಿ. "ಮನೇನೂ ಹೋಯ್ತು. ಹೋಗಿಬನ್ನಿ."

ಎರಡನೆಯವರು ಗಂಡ ಹೆಂಡತಿ, ಮನೆ ನೋಡುವ ಮುಂಚೆ ಗೋಡೆಯ ಬಣ್ಣಕ್ಕೆ ಕೊಂಕು ತೆಗೆದರು. ಮೂರನೆಯವನಿಗೆ ಎಲ್ಲವೂ ಹಿಡಿಸಿತು, ಆದರೆ ಹೋಗುವಾಗ ಮೆಟ್ಟಿಲ ಮೂಲೆಯಲ್ಲಿ ಉಗಿದ. ಇವನು ಅವನ ಕೈಗೇ ಬಟ್ಟೆ ಕೊಟ್ಟು ಒರೆಸಿಸಿ ಕಳಿಸಿದ. ಅಕ್ಕ ತಲೆ ಚಚ್ಚಿಕೊಂಡಳು: "ಲೋ, ನೀನು ಬಾಡಿಗೆಯವರನ್ನ ಹುಡುಕ್ತಿದ್ದೀಯೋ, ಅಳಿಯನನ್ನ ಹುಡುಕ್ತಿದ್ದೀಯೋ?"

ನಾಲ್ಕನೆಯವಳು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ಕನ್ನಡಕದ ಅಂಗಡಿಯಲ್ಲಿ ಗಾಜಿಗೆ ಸಾಣೆ ಹಿಡಿಯುವ ಕೆಲಸ. ಅಡುಗೆಮನೆ ನೋಡಲಿಲ್ಲ, ನಲ್ಲಿ ತಿರುಗಿಸಲಿಲ್ಲ. ನೇರ ಕಿಟಕಿಯ ಹತ್ತಿರ ಹೋಗಿ ಗಾಜಿನ ಮೇಲೆ ಬೆರಳಾಡಿಸಿ, "ಈ ಗಾಜು ಅಲೆಯಲೆ ಇದೆ. ಎದುರಿನ ಕಟ್ಟಡ ಬಗ್ಗಿದ ಹಾಗೆ ಕಾಣುತ್ತೆ," ಎಂದಳು.

ಕಿಡಿಗೆ ಅಲ್ಲೇ ಆಕೆ ಒಪ್ಪಿಗೆಯಾದಳು. ತನ್ನ ಕೆಲಸ ಗೊತ್ತಿರುವ ಮನುಷ್ಯರನ್ನು ಕಂಡರೆ ಅವನ ಸಿಟ್ಟು ತಾನಾಗಿ ಇಳಿಯುತ್ತಿತ್ತು.

"ಮನೇಲಿ ಯಾರ್‍ಯಾರು?" ಎಂದು ಕೇಳುವುದಿಲ್ಲವೆಂದು ಅವನು ಶಪಥ ಮಾಡಿದ್ದ. ಅವಳೇ ಹೇಳಿದಳು: "ನಾನು, ನಮ್ಮಪ್ಪ. ಅಪ್ಪ ಬಸ್ ಡ್ರೈವರ್ ಆಗಿದ್ರು. ಮೂವತ್ತು ವರ್ಷ ಇಂಜಿನ್ ಪಕ್ಕ ಕೂತು ಕಿವಿ ಪೂರ್ತಿ ಹೋಗಿದೆ. ಗಲಾಟೆ ಮಾಡಲ್ಲ, ಆದ್ರೆ ಮಾತಾಡಿದ್ರೆ ಬೀದಿಗೆಲ್ಲ ಕೇಳುತ್ತೆ."

"ಕೇಳಲಿ ಬಿಡಿ, ಮೇಡಂ," ಎಂದ ಕಿಡಿ.

ಆ ಮನೆಯ ಬಾಗಿಲಿಗೆ ಅವನು ಸ್ವಂತ ಕೈಯಿಂದ ಒಂದು ಬೀಗ ಮಾಡಿದ್ದ. ಅಂಗಡಿ ಕೆಲಸ ಮುಗಿದ ಮೇಲೆ ಒಂದೊಂದೇ ತಗಡು ಕತ್ತರಿಸಿ, ಅರದಿಂದ ತೀಡಿ, ಹನ್ನೊಂದು ದಿನ ಕೂತಿದ್ದ. ನಾಲ್ಕು ಕೀಗಳನ್ನೂ ಆಕೆಯ ಅಂಗೈಗೆ ಹಾಕಿ ಎದೆ ಉಬ್ಬಿಸಿಕೊಂಡು ಹೇಳಿದ: "ಈ ನಾಲ್ಕೇ. ಲೋಕದಲ್ಲಿ ಐದನೇದಿಲ್ಲ. ನನ್ನ ಹತ್ರಾನೂ ಇಲ್ಲ."

ಆಕೆ ಕೀಗಳನ್ನು ಬೆಳಕಿಗೆ ಹಿಡಿದು ನೋಡಿದಳು. "ಆಯ್ತು," ಎಂದಳು. ಅಷ್ಟೇ. ಕಿಡಿಗೆ ಸ್ವಲ್ಪ ಕಸಿವಿಸಿಯಾಯಿತು. ಇನ್ನೂ ಒಂದು ಮಾತು ಬರಬೇಕಿತ್ತು ಎನಿಸಿತು.

ಅಪ್ಪ ಮಗಳು ಆ ಮನೆಗೆ ಬಂದ ಎಂಟನೇ ದಿನ ಅದೇ ಮಹಡಿಯ ಎದುರು ಮನೆಯವರು ಟಪಾಲು ಪೆಟ್ಟಿಗೆಯ ಬೀಗ ಕಚ್ಚಿಕೊಂಡಿದೆ ಎಂದು ಹೇಳಿಕಳಿಸಿದರು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಿಡಿ ಹೋಗಿ, ಅದನ್ನು ಬಿಡಿಸಿಕೊಟ್ಟು, ಚೀಲ ಹೆಗಲಿಗೇರಿಸಿ ಹೊರಟವನು ಸುಮ್ಮನೆ ತನ್ನ ಮನೆಯ ಬಾಗಿಲ ಕಡೆ ನೋಡಿದ.

ಅವನ ಬೀಗ ಅಲ್ಲಿರಲಿಲ್ಲ.

ಅದರ ಜಾಗದಲ್ಲಿ ಹೊಳೆಹೊಳೆಯುವ ಹೊಸ ಬೀಗ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ನೇತುಹಾಕಿರುತ್ತಾರಲ್ಲ, ಆ ಜಾತಿಯದು. ಕಿಡಿ ಅವುಗಳನ್ನು ಡಬ್ಬಾ ಎನ್ನುತ್ತಿದ್ದ. ಯಾರೋ ಕೈಲಾಗದವನು ಕೂರಿಸಿದ್ದ, ಸುತ್ತ ಮರ ಎದ್ದುಬಂದಿತ್ತು, ಒಂದು ತಿರುಪು ಓರೆಯಾಗಿತ್ತು.

ಸಿಟ್ಟು ಅವನ ಕಿವಿಯಿಂದ ಹೊರಬಂತು. ತಾನು ಹನ್ನೊಂದು ದಿನ ಕಣ್ಣು ಕೆಂಪು ಮಾಡಿಕೊಂಡು ಮಾಡಿದ್ದನ್ನು ಕಿತ್ತೆಸೆದು ಈ ಆಟದ ಸಾಮಾನೇ? ಕೀ ಇಟ್ಟುಕೊಂಡಿಲ್ಲ ಎಂದು ಬಾಯಿಬಿಟ್ಟು ಹೇಳಿದರೂ ನಂಬಲಿಲ್ಲವೇ? ಮೂರು ಸಲ ಬಾಗಿಲು ಬಡಿದ. ಉತ್ತರವಿಲ್ಲ. ಇನ್ನೂ ಮೂರು ಸಲ ಬಡಿದ. ಹೆಂಗಸು ಕೆಲಸಕ್ಕೆ ಹೋಗಿರುತ್ತಾಳೆ, ಮುದುಕನೂ ಎಲ್ಲೋ ಹೋಗಿರಬೇಕು ಅಂದುಕೊಂಡ. ಕಿವಿ ಕೇಳದವನ ಬಾಗಿಲನ್ನು ಎಷ್ಟು ಬಡಿದರೇನು ಎನ್ನುವುದು ಆ ಹೊತ್ತಿನಲ್ಲಿ ಹೊಳೆಯಲೇ ಇಲ್ಲ.

ಒಳಗೆ ಹೋಗುವ ಮಾತೇ ಇರಲಿಲ್ಲ. ಅದನ್ನು ಅವನು ಆಮೇಲೆ ನೂರು ಸಲ ತನಗೇ ಹೇಳಿಕೊಂಡ. ಈ ಬೀಗದ ಯೋಗ್ಯತೆ ಎಷ್ಟು ಎಂದು ನೋಡುವುದು, ಸಂಜೆ ಆಕೆಗೆ ಮುಖಕ್ಕೆ ಹೊಡೆದ ಹಾಗೆ ಹೇಳುವುದು, ಅಷ್ಟೇ ಇದ್ದದ್ದು. ಚೀಲದಿಂದ ಎರಡು ತಂತಿ ತೆಗೆದ. ಒಂದನ್ನು ಒತ್ತಿ ಹಿಡಿದು ಇನ್ನೊಂದನ್ನು ಆಡಿಸಿದ. ಮೂರು ಉಸಿರಾಗುವಷ್ಟರಲ್ಲಿ ಕಟಕ್ಕೆಂದಿತು.

"ಥೂ," ಎಂದ ಕಿಡಿ ಬೀಗಕ್ಕೆ.

ಬಾಗಿಲ ಕೀಲುಗಳಿಗೆ ಅವನೇ ಅಷ್ಟು ಚೆನ್ನಾಗಿ ಎಣ್ಣೆ ಬಿಟ್ಟಿದ್ದನಲ್ಲ, ಬಾಗಿಲು ತನ್ನಷ್ಟಕ್ಕೆ ತಾನು ಸದ್ದಿಲ್ಲದೆ ಒಳಕ್ಕೆ ತೆರೆದುಕೊಂಡಿತು.

ನಡುಮನೆಯಲ್ಲಿ ಮುದುಕ ಕುರ್ಚಿಯಲ್ಲಿ ಕೂತಿದ್ದ. ಪ್ಯಾಂಟು ಮೊಣಕಾಲಿನ ತನಕ ಮಡಚಿಕೊಂಡು, ಬಿಸಿನೀರಿನ ಬೇಸಿನ್ನಿನಲ್ಲಿ ಕಾಲಿಟ್ಟುಕೊಂಡು, ಕೈಯಲ್ಲೊಂದು ಮಗ್ಗು. ಗಾಳಿ ಕುತ್ತಿಗೆಗೆ ಬಿತ್ತೇನೋ, ತಿರುಗಿ ನೋಡಿದ. ಬಾಗಿಲಲ್ಲಿ ಒಬ್ಬ ಗಂಡಸು, ಹೆಗಲಲ್ಲಿ ಚೀಲ, ಕೈಯಲ್ಲಿ ತಂತಿ. ಮುದುಕ ಮಗ್ಗನ್ನು ಎದೆಗೆ ಅವಚಿಕೊಂಡ. ನೀರಿನಿಂದ ಕಾಲು ತೆಗೆಯಬೇಕೋ ಬೇಡವೋ ತಿಳಿಯದೆ ಒಂದು ಕಾಲು ಅರ್ಧ ಎತ್ತಿ ಹಾಗೇ ನಿಲ್ಲಿಸಿದ.

ಆ ಬಗೆಯ ಮುಖ ಅವನಿಗೆ ಗೊತ್ತಿತ್ತು. ಅಮ್ಮನ ಮೇಲೆ ಅದನ್ನು ಕಂಡಾಗ ಅವನು ಬಾಗಿಲಿನ ಒಳಗಡೆ ಇದ್ದ.

"ಯಾರು?" ಎಂದು ಮುದುಕ ಕೂಗಿದ. ಮನೆಗೆ ಬಂದ ದಿನ ನೋಡಿದ್ದ ಮುಖ, ಮರುಕ್ಷಣ ಗುರುತು ಹತ್ತಿತು. "ಓ, ಓನರಾ! ಎದೆ ಒಡೆಸಿಬಿಟ್ಟೆಯಲ್ಲಯ್ಯಾ! ಬಾಗಿಲು ಹಾಕು, ಕಾಲು ತಣ್ಣಗಾಗುತ್ತೆ."

ಕಿಡಿ ಹೊಸ್ತಿಲಲ್ಲೇ ನಿಂತು, "ತಪ್ಪಾಯ್ತು ಅಜ್ಜ, ತಪ್ಪಾಯ್ತು," ಎಂದ. ಮುದುಕನಿಗೆ ಕೇಳಲಿಲ್ಲ.

"ಮಗಳು ಹೊಸ ಬೀಗ ಹಾಕಿಸಿದ್ಲಲ್ಲ? ಹೇಗೆ ಬಂದೆ?"

ಕಿಡಿ ಎರಡು ತಂತಿಗಳನ್ನು ಎತ್ತಿ ತೋರಿಸಿದ. ಮುದುಕ ತಂತಿ ನೋಡಿದ, ಬೀಗ ನೋಡಿದ, ಕಿಡಿಯ ಮುಖ ನೋಡಿದ. ಕಾಲನ್ನು ಮತ್ತೆ ನೀರಿಗೆ ಬಿಟ್ಟ.

"ನೋಡು ಮಗಾ," ಎಂದ, ಬೀದಿಗೆ ಕೇಳುವ ದನಿಯಲ್ಲೇ ಗುಟ್ಟು ಹೇಳುವವನಂತೆ. "ಹಿಂದಿನ ಮನೆ ಓನರ್ ಹೀಗೇ ಮಾಡ್ತಿದ್ದ. ಅವಳು ಕೆಲಸಕ್ಕೆ ಹೋದ ಮೇಲೆ ಬಂದು ಮನೆಯೆಲ್ಲ ಓಡಾಡ್ತಿದ್ದ. ನನಗೆ ಕಿವಿ ಇಲ್ಲ, ಬೆನ್ನ ಹಿಂದೆ ಯಾರೋ ಇದ್ದಾರೆ ಅನ್ನೋದೇ ಗೊತ್ತಾಗ್ತಿರಲಿಲ್ಲ. ಒಂದಿನ ಅವಳು ಬೇಗ ಬಂದ್ಲು, ಸಿಕ್ಕಿಬಿದ್ದ. ಅವತ್ತಿಂದ ಹೋದ ಮನೆಗೆಲ್ಲ ಬೀಗ ಬದಲಾಯಿಸ್ತಾಳೆ. ನಿನ್ನ ಮೇಲೆ ಸಿಟ್ಟಲ್ಲ ಅದು."

ಕಿಡಿ ತಂತಿಗಳನ್ನು ಚೀಲಕ್ಕೆ ಹಾಕಿದ.

"ಈಗ ಬಂದದ್ದನ್ನ ಅವಳಿಗೆ ಹೇಳಬೇಡ. ಹೇಳಿದ್ರೆ ನಾಳೇನೇ ಗಂಟುಮೂಟೆ ಕಟ್ತಾಳೆ. ಆರು ಮನೆ ಆಯ್ತು ನಮಗೆ. ಇಲ್ಲಿ ನನಗೆ ಬಾಲ್ಕನಿ ಇದೆ. ಕೆಳಗೆ ಬಸ್ ತಿರುಗಿಸ್ತಾರಲ್ಲ, ಪೂರ್ತಿ ಕಾಣುತ್ತೆ. ಒಬ್ಬನಿಗೂ ರಿವರ್ಸ್ ಹೊಡೆಯೋಕೆ ಬರಲ್ಲ, ದರಿದ್ರದವು. ಬೈಕೊಂಡು ಕೂತ್ಕೋತೀನಿ, ಹೊತ್ತು ಹೋಗುತ್ತೆ. ನನ್ನ ಬಾಲ್ಕನಿ ಕಳೀಬೇಡ."

ಕಿಡಿ ಬಾಗಿಲು ಎಳೆದುಕೊಂಡು, ತೆಗೆದಷ್ಟೇ ಸಲೀಸಾಗಿ ಬೀಗ ಹಾಕಿ ಕೆಳಗಿಳಿದ. ಅಂಗಡಿಗೆ ಬಂದು ಎರಡು ಕೀ ತಪ್ಪು ಕೊರೆದ. ಅವನ ಕೈಯಲ್ಲಿ ಕೀ ಕೆಟ್ಟದ್ದನ್ನು ಅಕ್ಕ ಈ ತನಕ ಕಂಡಿರಲಿಲ್ಲ.

"ಏನು ಮಾಡ್ಕೊಂಡು ಬಂದೆ?" ಎಂದಳು.

ಅವನು ಎಲ್ಲವನ್ನೂ ಹೇಳಿದ. ಅಕ್ಕನ ಮಷಿನ್ ನಿಂತಿತು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವನನ್ನೇ ನೋಡಿದಳು. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಅಜ್ಜ ಹೇಳಬೇಡ ಅಂದ," ಎಂದ ಅವನು. "ಹೇಳಿದ್ರೆ ಮನೆ ಬಿಡ್ತಾರಂತೆ. ಅವನ ಬಾಲ್ಕನಿ ಹೋಗುತ್ತಂತೆ. ನಾನೇನು ಮಾಡ್ಲಿ?"

"ಚೆನ್ನಾಗಿದೆ," ಎಂದಳು ಅಕ್ಕ. "ನಿನ್ನ ತಪ್ಪನ್ನ ಆ ಮುದುಕನ ಬಾಯಿಗೆ ತುರುಕಿ ಬಂದಿದ್ದೀಯ. ಇನ್ನು ಅವನು ದಿನಾ ಮಗಳ ಮುಂದೆ ಅದನ್ನ ಅಗಿದುಕೊಂಡು ಕೂರಬೇಕು."

ಕಿಡಿ ಕೆಟ್ಟ ಎರಡು ಕೀಗಳನ್ನೂ ಗುಜರಿ ಡಬ್ಬಿಗೆ ಎಸೆದ.

ಮರುದಿನ ಬೆಳಿಗ್ಗೆ ಅವನು ಕನ್ನಡಕದ ಅಂಗಡಿಗೆ ಹೋದ. ಹಿಂಬದಿಯ ಸಣ್ಣ ಕೋಣೆಯಲ್ಲಿ ಆಕೆ ಸಾಣೆಯ ಮುಂದೆ ಕೂತಿದ್ದಳು. ನೀರು ತೊಟ್ಟಿಕ್ಕುತ್ತಿತ್ತು, ಕಲ್ಲು ತಿರುಗುತ್ತಿತ್ತು, ಆಕೆಯ ಬೆರಳ ತುದಿಯಲ್ಲಿ ಒಂದು ಗಾಜು ಅಂಚು ಸವೆಸಿಕೊಳ್ಳುತ್ತಿತ್ತು. ಕಿಡಿ ನಿಂತಲ್ಲೇ ಶುರುಮಾಡಿದ. ನಾನು ಸುಮ್ಮನೆ, ಬೀಗ ನೋಡೋಕೆ, ಒಳಗೆ ಹೋಗೋ ಉದ್ದೇಶ ಅಲ್ಲ ಎಂದೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಬಾಯಿಗೆ ಬಂದದ್ದು ಬೇರೆ.

"ನಿನ್ನೆ ನೀವಿಲ್ಲದಾಗ ನಿಮ್ಮ ಬೀಗ ತೆಗೆದೆ, ಮೇಡಂ. ತಂತಿ ಹಾಕಿ. ಅಜ್ಜ ಒಳಗಿದ್ರು, ಹೆದರಿಕೊಂಡ್ರು. ನಿಮಗೆ ಹೇಳಬೇಡ ಅಂತ ಅಂದ್ರು, ಅವರ ಮೇಲೆ ಸಿಟ್ಟಾಗಬೇಡಿ."

ಆಕೆ ಗಾಜನ್ನು ಕಲ್ಲಿನಿಂದ ಎತ್ತಿದಳು. ಸಾಣೆ ನಿಲ್ಲಿಸಿದಳು. ಗಾಜು ಒರೆಸಿ, ಬೆಳಕಿಗೆ ಹಿಡಿದು, ಅಂಚು ನೋಡಿ, ಡಬ್ಬಿಯಲ್ಲಿಟ್ಟಳು.

"ಯಾಕೆ ತೆಗೆದ್ರಿ?"

"ಸಿಟ್ಟು ಬಂತು. ನಾನು ಮಾಡಿದ ಬೀಗ ಕಿತ್ತು ಡಬ್ಬಾ ಹಾಕ್ಸಿದ್ರಲ್ಲ, ಅದಕ್ಕೆ."

"ನಿಮ್ಮ ಬೀಗ ಕಪಾಟಿನಲ್ಲಿದೆ. ಬಟ್ಟೆ ಸುತ್ತಿಟ್ಟಿದ್ದೀನಿ," ಎಂದಳು ಆಕೆ. "ಒಂದು ಕೇಳ್ತೀನಿ, ನಿಜ ಹೇಳಿ. ನಿಮ್ಮನ್ನ ತಡೆಯೋ ಬೀಗ ಯಾವುದು?"

ಬೇರೆ ಯಾವ ದಿನ ಯಾರು ಈ ಪ್ರಶ್ನೆ ಕೇಳಿದ್ದರೂ ಕಿಡಿ ಅಂಗಡಿಯ ಚಾವಣಿಗೆ ತಗಲುವಷ್ಟು ಉಬ್ಬುತ್ತಿದ್ದ. ಇವತ್ತು ನೆಲ ನೋಡಿಕೊಂಡು, "ಯಾವುದೂ ಇಲ್ಲ," ಎಂದ.

"ಹಾಗಿದ್ಮೇಲೆ ನಾನು ಯಾಕೆ ಆ ಮನೇಲಿ ಇರಬೇಕು?"

ಅವನು ಗೋಡೆ ನೋಡಿದ, ಸಾಣೆಕಲ್ಲು ನೋಡಿದ. ಕೊನೆಗೆ, "ಚಿಲಕ," ಎಂದ. "ಒಳಗಡೆ ಹಾಕೋ ಅಡ್ಡ ಚಿಲಕ. ಅದಕ್ಕೆ ಕೀ ತೂತೇ ಇರಲ್ಲ. ತೂತಿಲ್ಲದ ಕಡೆ ನನ್ನ ಆಟ ನಡೆಯಲ್ಲ."

"ಅಪ್ಪ ಚಿಲಕ ಹಾಕ್ಕೊಂಡು ಕೂತ್ರೆ ಸಂಜೆ ನಾನು ಹೇಗೆ ಒಳಗೆ ಹೋಗ್ಲಿ? ಬಡಿದ್ರೆ ಕೇಳಲ್ಲ, ಬೆಲ್ ಒತ್ತಿದ್ರೆ ಕೇಳಲ್ಲ. ಬಾಲ್ಕನಿ ಕೆಳಗೆ ನಿಂತು ಕೈ ಬೀಸ್ಲಾ?"

ಕಿಡಿಯ ಹುಬ್ಬು ಗಂಟಿಕ್ಕಿತು, ಬಲಗೈ ಬೆರಳುಗಳು ತೊಡೆಯ ಮೇಲೆ ಏನನ್ನೋ ಎಳೆದು ಬಿಡತೊಡಗಿದವು. ಅವನನ್ನು ಬಲ್ಲವರಿಗೆ ಗೊತ್ತು, ಅಂಥ ಹೊತ್ತಿನಲ್ಲಿ ಅವನಿಗೆ ಪಕ್ಕದಲ್ಲಿ ಗೋಡೆ ಬಿದ್ದರೂ ತಿಳಿಯುವುದಿಲ್ಲ. ಆಕೆ ಅವನ ಬೆರಳುಗಳನ್ನೇ ನೋಡುತ್ತಿದ್ದಳು.

"ಭಾನುವಾರದ ತನಕ ನೋಡ್ತೀನಿ," ಎಂದಳು. "ಆಮೇಲೆ ಬೇರೆ ಮನೆ ಹುಡುಕ್ತೀನಿ." ಸಾಣೆ ಮತ್ತೆ ತಿರುಗಿತು.

ಭಾನುವಾರ ಬೆಳಿಗ್ಗೆ, ಬರುತ್ತೇನೆಂದು ಮುಂಚಿನ ದಿನವೇ ಹೇಳಿಕಳಿಸಿ, ಆಕೆ ಬಾಗಿಲು ತೆಗೆದು ಬನ್ನಿ ಎಂದ ಮೇಲೆ ಕಿಡಿ ಒಳಗೆ ಕಾಲಿಟ್ಟ. ಚೀಲದಲ್ಲಿ ಹಿತ್ತಾಳೆಯ ಅಡ್ಡ ಚಿಲಕ, ಹಳೆಯ ಸೈಕಲ್ಲುಗಳಿಂದ ಬಿಚ್ಚಿದ ಬ್ರೇಕ್ ವೈರು, ಬೆರಳ ಗಾತ್ರದ ನಾಲ್ಕು ಗಾಲಿ, ಅಕ್ಕ ಹೊಲಿದುಕೊಟ್ಟ ಕೆಂಪು ಬಾವುಟ ಒಂದು. ಬಾಗಿಲ ಹೊರಗೆ ಒಂದು ಬಳೆ, ಎಳೆದರೆ ವೈರು ಗೋಡೆಯ ಮೇಲೆ ಗಾಲಿಯಿಂದ ಗಾಲಿಗೆ ಓಡಿ, ಮುದುಕನ ಕುರ್ಚಿಯ ಎದುರು ಬಾವುಟ ಎದ್ದು ನಿಲ್ಲಬೇಕು. ಇನ್ನೊಂದು ಕವಲು ಬಾಲ್ಕನಿಗೆ. ಮುದುಕ ಕೂರುವುದು ಈ ಎರಡೇ ಜಾಗ.

"ಹಾಲ್‌ನಲ್ಲಿ ಬಾವುಟ! ಮಂತ್ರಿ ಬರ್ತಾರೇನು?" ಎಂದು ಮುದುಕ ಕೂಗಿದ.

"ನೀವೇ ಮಂತ್ರಿ, ಸುಮ್ನಿರಿ!" ಎಂದು ಕಿಡಿಯೂ ಕೂಗಿದ. ಅದು ಹೇಗೋ ಮುದುಕನಿಗೆ ಕೇಳಿಸಿತು.

ಆಕೆ ಸುಮ್ಮನೆ ಕೈಕಟ್ಟಿ ನೋಡುತ್ತಿದ್ದವಳು, ಮೂರನೇ ಗಾಲಿ ಓರೆಯಾಗಿದೆ ಎಂದಳು. ಕಿಡಿ ನೆಟ್ಟಗಿದೆ ಎಂದ. ಆಕೆ ಬಂದು ಒಂದು ಕಣ್ಣು ಮುಚ್ಚಿ ನೋಡಿ, "ಒಂದು ಕೂದಲಿನಷ್ಟು," ಎಂದಳು. ಅಳೆದರೆ ಓರೆಯೇ ಇತ್ತು. ಕಿಡಿ ಗೊಣಗುತ್ತಾ ಬಿಚ್ಚಿ ಹಾಕಿದ. ಬಾಗಿಲಿಗೆ ಇಣುಕುಗಾಜಿನ ತೂತು ಕೊರೆಯುವಾಗ ಆಕೆ ಒಳಗಿನಿಂದ ಕಾಗದದ ಪೊಟ್ಟಣ ತಂದಳು. ಅದರಲ್ಲಿ ಉಗುರಿನಷ್ಟು ಗಾತ್ರದ ದಪ್ಪ ಗಾಜು. ಈ ವಾರ ಊಟದ ಬಿಡುವಿನಲ್ಲಿ ತಾನೇ ಸಾಣೆ ಹಿಡಿದದ್ದು.

"ಅಂಗಡಿಯಲ್ಲಿ ಸಿಗೋದ್ರಲ್ಲಿ ಮೂಗು ಮಾತ್ರ ಕಾಣುತ್ತೆ. ಇದ್ರಲ್ಲಿ ಪೂರ್ತಿ ಮೆಟ್ಟಿಲು ಕಾಣುತ್ತೆ. ಯಾರು, ಎಷ್ಟು ಜನ, ಕೈಯಲ್ಲಿ ಏನಿದೆ, ಎಲ್ಲ."

ಕಿಡಿ ಗಾಜು ಕೂರಿಸಿ ಕಣ್ಣಿಟ್ಟು ನೋಡಿದ. ಕೂರಿಸಿದ ಗಾಜಿನಲ್ಲಿ ಒಂದು ಗೆರೆ ಕೂಡ ಬಗ್ಗಿರಲಿಲ್ಲ. ಹಾಗಾದರೆ ಭಾನುವಾರಕ್ಕೆ ಮೊದಲೇ ಆಕೆ ಇಲ್ಲೇ ಉಳಿಯುವ ಲೆಕ್ಕದಲ್ಲಿ ಇದ್ದಳೋ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕೇಳದಿರುವಷ್ಟು ಬುದ್ಧಿ ಅವನಿಗೂ ಇತ್ತು.

"ಮನೇಲಿ ಯಾರೂ ಇಲ್ಲದಾಗ?" ಎಂದಳು ಆಕೆ. "ಆಗ ಚಿಲಕ ಹಾಕೋರು ಯಾರು?"

"ಆಗ ನನ್ನ ಮಾತೊಂದೇ," ಎಂದ ಕಿಡಿ.

"ಆ ಡಬ್ಬಾಗಿಂತ ಗಟ್ಟಿ ಇದೆಯೋ ನೋಡೋಣ," ಎಂದು ಆಕೆ ಕಪಾಟು ತೆಗೆದು, ಬಟ್ಟೆ ಬಿಚ್ಚಿ, ಅವನ ಬೀಗವನ್ನು ಕೈಗೆ ಕೊಟ್ಟಳು. "ಇದನ್ನೇ ಹಾಕಿ. ಆ ಓರೆ ತಿರುಪು ನೋಡಿ ನೋಡಿ ನನಗೂ ಕಣ್ಣು ನೋಯ್ತಿದೆ."

ಮುದುಕನಿಗೆ ಹೊಸ ಆಟ ಸಿಕ್ಕಿತು. ಮಗಳನ್ನು ಹೊರಗೆ ಕಳಿಸಿ ಬಳೆ ಎಳೆಸಿದ, ಕಿಡಿಯನ್ನು ಕಳಿಸಿ ಎಳೆಸಿದ. ಬಾವುಟ ಎದ್ದಾಗಲೆಲ್ಲ ಹೋಗಿ ಗಾಜಿಗೆ ಕಣ್ಣಿಟ್ಟು, ನೋಡಿ, ಬಂದು ಮತ್ತೆ ಕೂತ. "ಬಸ್ಸಲ್ಲಿ ಗಂಟೆ ಹೊಡೆದ್ರೆ ನಿಲ್ಲಿಸಲೇಬೇಕಿತ್ತು," ಎಂದ. "ಇಲ್ಲಿ ನಿಲ್ಲಿಸೋದು ಬಿಡೋದು ನನ್ನಿಷ್ಟ!"

ಒಂದು ತಿಂಗಳಾಯಿತು. ಆಕೆ ಬೇರೆ ಮನೆಯ ಮಾತೆತ್ತಲಿಲ್ಲ. ಅಂಗಡಿಯ ಮುಂದೆ ಹಾದುಹೋಗುವಾಗ ಅಕ್ಕನ ಜೊತೆ ಎರಡು ಮಾತಾಡಿ ಹೋಗುತ್ತಿದ್ದಳು. ಒಂದು ದಿನ ಹಾಗೇ ಹೋಗುತ್ತಾ, "ಅಡುಗೆಮನೆ ನಲ್ಲಿ ಸೋರ್ತಿದೆ. ಸಂಜೆ ನಾಲ್ಕಕ್ಕೆ ಹೋಗಿ, ಅಪ್ಪ ಇರ್ತಾರೆ," ಎಂದಳು.

ನಾಲ್ಕಕ್ಕೆ ಕಿಡಿ ಸ್ಪ್ಯಾನರ್ ಹಿಡಿದು ಬಾಗಿಲ ಮುಂದೆ ನಿಂತ. ಬಳೆ ಎಳೆದ. ಒಳಗೆ ಗಾಲಿಗಳು ಕಿರ್ರೆಂದವು. ಕಾದ. ಕುರ್ಚಿ ಸರಿದ ಸದ್ದು, ನಿಧಾನವಾಗಿ ಚಪ್ಪಲಿಯ ಸದ್ದು. ಬಾಗಿಲಿನ ಗಾಜು ಕಪ್ಪಾಯಿತು.

ಕಿಡಿ ಮುಖ ಕಾಣುವಂತೆ ಒಂದು ಹೆಜ್ಜೆ ಹಿಂದೆ ಸರಿದು, ಸ್ಪ್ಯಾನರ್ ಎತ್ತಿ ಹಿಡಿದು, ನಲ್ಲಿ ತಿರುಗಿಸುವ ಹಾಗೆ ಕೈ ಆಡಿಸಿದ.

"ಈಗ ಆಗಲ್ಲ!" ಎಂದು ಒಳಗಿನಿಂದ ದನಿ ಬಂತು. "ಕೆಳಗೆ ಹೊಸ ಡ್ರೈವರ್ ಬಸ್ಸನ್ನ ಅಡ್ಡಡ್ಡ ಸಿಕ್ಕಿಸಿದ್ದಾನೆ, ಹೇಗೆ ಬಿಡಿಸ್ತಾನೋ ನೋಡಬೇಕು. ನಾಳೆ ಬಾ!"

ಗಾಜು ಮತ್ತೆ ಬೆಳ್ಳಗಾಯಿತು. ಚಪ್ಪಲಿ ಸದ್ದು ದೂರ ಹೋಯಿತು.

ಕಿಡಿಯ ಕುತ್ತಿಗೆಯ ನರ ಉಬ್ಬಿತು. ಮನೆ ತನ್ನದು, ನಲ್ಲಿ ತನ್ನದು, ಅಂಗಡಿ ಬಿಟ್ಟು ಮೂರು ಮಹಡಿ ಹತ್ತಿ ಬಂದವನು ತಾನು. ಎರಡು ಹೆಜ್ಜೆ ಇಳಿದ. ಅಷ್ಟರಲ್ಲಿ ಬಾಲ್ಕನಿಯಿಂದ ಇಡೀ ಬೀದಿಗೆ ಕೇಳುವ ಹಾಗೆ "ಬಲಕ್ಕೆ ಹೊಡಿಯೋ, ಬಲಕ್ಕೆ!" ಎಂಬ ಕೂಗು ಬಂತು. ಉಬ್ಬಿದ ನರ ತಾನಾಗಿ ಇಳಿಯಿತು. ಅವನು ಮೆಟ್ಟಿಲ ಕಿಟಕಿಯಲ್ಲಿ ನಿಂತು ತಾನೂ ನೋಡಿದ. ಡ್ರೈವರ್ ಐದು ಸಲ ಹಿಂದೆ ಮುಂದೆ ಮಾಡಿ ಬಿಡಿಸಿಕೊಂಡ.

ಅಂಗಡಿಗೆ ಬಂದಾಗ ಅಕ್ಕ ತಲೆಯೆತ್ತದೆ, "ಆಯ್ತಾ ನಲ್ಲಿ?" ಎಂದಳು.

"ಇಲ್ಲ. ಅಜ್ಜ ಬಾಗಿಲು ತೆಗೀಲಿಲ್ಲ. ನಾಳೆ ಬಾ ಅಂದ."

ಅಕ್ಕ ಈಗ ತಲೆಯೆತ್ತಿದಳು. ತಮ್ಮನ ಮುಖ ನೋಡಿದಳು. "ಅದಕ್ಕೆ ಯಾಕೋ ಹಲ್ಲು ಕಿರೀತಿದ್ದೀಯ?"

"ನಾನೆಲ್ಲಿ ಕಿರೀತಿದ್ದೀನಿ?" ಎಂದ ಕಿಡಿ, ಮಷಿನ್ ಹಾಕಿದ.